ಅತ್ತೆಯ ಬಕೆಟ್ಟು, ನೆಲದಡಿಯ ತೇವ

ಕ್ಯಾಲಿಫೋರ್ನಿಯಾದ ನೆವಾರ್ಕಿನ ತನ್ನ ಮನೆ ಮುಗ್ಗಲು ನಾರುವುದಕ್ಕೆ ಅತ್ತೆಯ ಸ್ನಾನವೇ ಕಾರಣವೆಂದು ಜಗನ್ನಾಥ ತೀರ್ಮಾನಿಸಿ ಮೂರು ವಾರವಾಗಿತ್ತು. ಇಂಟರ್ನೆಟ್ಟಿನ ಸಂದುಗೊಂದಿಗಳಲ್ಲಿ ಏನು ಎಲ್ಲಿ ಸೋರುತ್ತಿದೆಯೆಂದು ಕೂತಲ್ಲೇ ಹೇಳಬಲ್ಲ ಇಂಜಿನಿಯರ್ ಅವನು. ಫ್ರೀಮಾಂಟಿನ ಆಫೀಸಿನಲ್ಲಿ ಅವನ ಮಾತಿಗೆ ಎದುರಿಲ್ಲ. ಅಂಥವನಿಗೆ ಸ್ವಂತ ಮನೆಯ ತೇವ ಯಾವ ಮಹಾ ವಿಷಯ?

ತೇವವೇನೋ ನಿಜ. ಎರಡು ಸಾವಿರದ ಇಸವಿ ಕಾಲಿಟ್ಟ ಆ ಚಳಿಗಾಲದಲ್ಲಿ ನಡುಮನೆಯ ಮರದ ನೆಲ ಉಬ್ಬಿ ಬಾಗಿಲು ಮುಚ್ಚದಾಯಿತು, ಬಟ್ಟೆಬರೆ ಇಡುವ ಕ್ಲಾಸೆಟ್ಟಿನಲ್ಲಿದ್ದ ಬೂಟುಗಳಿಗೆ ಬೂಷ್ಟು ಹಿಡಿಯಿತು. ಅಲ್ಲಿನ ಇಂಥ ಮನೆಗಳು ಮಣ್ಣಿಗೆ ಅಂಟಿಕೊಂಡಿರುವುದಿಲ್ಲ. ಮರದ ನೆಲಕ್ಕೂ ಮಣ್ಣಿಗೂ ನಡುವೆ ತೆವಳಿಕೊಂಡು ಹೋಗುವಷ್ಟು ಜಾಗ ಬಿಟ್ಟಿರುತ್ತಾರೆ. ಅದಕ್ಕೆ ಕ್ರಾಲ್ ಸ್ಪೇಸು ಎಂದು ಹೆಸರು. ಅಲ್ಲಿ ನೀರು ಸೇರಿದರೆ ಮನೆ ಬುಡದಿಂದ ಕೊಳೆಯುತ್ತದೆ. ಮೈಸೂರಿನಿಂದ ಬಂದ ಅತ್ತೆ ಸತ್ಯವತಿ ಷವರ್ ಮುಟ್ಟುವವರಲ್ಲ. ಬಕೆಟ್ಟು, ಚೊಂಬು, ಕೂರಲು ಮಣೆ. ಬಚ್ಚಲಿನ ನೆಲದಲ್ಲಿ ನೀರು ಹೋಗಲು ತೂತೇ ಇಲ್ಲ. ಇನ್ನೇನು ಬೇಕು ಪುರಾವೆ!

ಹೇಳುವುದು ಹೇಗೆ ಎಂಬುದೇ ಕಷ್ಟ. ಅತ್ತೆಯ ಸ್ನಾನದ ಮಾತನ್ನು ಅಳಿಯ ಎತ್ತುವುದುಂಟೆ? ಹೆಂಡತಿ ವೇದವತಿಗೆ ಹೇಳಿ ನೋಡಿದ. "ನಮ್ಮಮ್ಮನ ಹತ್ರ ನಾನಂತೂ ಹೇಳಲ್ಲ ರೀ. ಧೈರ್ಯ ಇದ್ರೆ ನೀವೇ ಹೇಳ್ಕೊಳ್ಳಿ," ಎಂದಳು. ಧೈರ್ಯವಿರಲಿಲ್ಲ, ಪ್ರಿಂಟರ್ ಇತ್ತು. 'ದಯವಿಟ್ಟು ಬಕೆಟ್ ಸ್ನಾನ ಬೇಡ. ಮನೆಯ ಆರೋಗ್ಯಕ್ಕಾಗಿ' ಎಂದು ಆಫೀಸಿನಲ್ಲೇ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಸೋಮವಾರ ಬಚ್ಚಲಿನ ಬಾಗಿಲಿಗೆ ಅಂಟಿಸಿದ. ಯಾರಿಗೂ ನೋವಾಗಬಾರದೆಂದು ಹೆಸರು ಹಾಕಿರಲಿಲ್ಲ.

ಸತ್ಯವತಿ ನೋಟಿಸನ್ನು ಎರಡು ಸಲ ಓದಿದರು. ಸಂಜೆ ಮಗಳನ್ನು ಕರೆದು, "ನನ್ನ ಟಿಕೆಟ್ಟು ಈ ಶನಿವಾರಕ್ಕೆ ಮಾಡಿಸಿಬಿಡಮ್ಮ," ಎಂದರು. ವೇದವತಿ ಏಳು ತಿಂಗಳ ಬಸುರಿ. ತಾಯಿ ಬಂದದ್ದೇ ಬಾಣಂತನಕ್ಕೆ. ಎಷ್ಟು ಅತ್ತರೂ ತಾಯಿ ಜಗ್ಗಲಿಲ್ಲ. ಅಂದಿನಿಂದ ವೇದವತಿ ಗಂಡನ ಜೊತೆ ಮಾತು ಬಿಟ್ಟಳು. ಐದು ವರ್ಷದ ಮಗಳು ನಿಹಾರಿಕಾ ಮಾತ್ರ, "ಡ್ಯಾಡಿ, ವೈ ಈಸ್ ಅಜ್ಜಿ ಲೀವಿಂಗ್?" ಎಂದು ದಿನಾ ಕೇಳುತ್ತಿದ್ದಳು. ತನ್ನ ಮಾತೇ ಸರಿಯೆಂದು ತೋರಿಸಿಬಿಟ್ಟರೆ ಎಲ್ಲರಿಗೂ ಸಮಾಧಾನವಾಗುತ್ತದೆಂದು ಪಾಪ ಜಗನ್ನಾಥನ ನಂಬಿಕೆ.

ರಿಪೇರಿಯವರು ಯಾರೂ ಎರಡು ತಿಂಗಳು ಬರುವಂತಿರಲಿಲ್ಲ. ಶುಕ್ರವಾರ ರಜೆ ಹಾಕಿ, ಕಂಪನಿ ಪುಕ್ಕಟೆ ಕೊಟ್ಟ ಜಾಕೆಟ್ ತೊಟ್ಟು, ಕ್ಲಾಸೆಟ್ಟಿನ ನೆಲದ ಮುಚ್ಚಳ ತೆಗೆದು ತಾನೇ ಕೆಳಗಿಳಿದ. ವೇದವತಿ ಬಗ್ಗುವಂತಿಲ್ಲವಲ್ಲ, ಮೇಲೆ ನಿಂತು ಟಾರ್ಚು ಹಿಡಿದವರು ಅತ್ತೆಯೇ.

ತೆವಳುತ್ತಾ ನೆಟ್ಟಗೆ ಬಚ್ಚಲಿನ ಕೆಳಕ್ಕೇ ಹೋದ. ಮಣ್ಣು ಒಣಗಿ ಪುಡಿಪುಡಿಯಾಗಿತ್ತು. ಅಂಗೈ ಒತ್ತಿ ನೋಡಿದ, ಧೂಳು. ಇನ್ನೊಂದು ತುದಿಗೆ ಹೊರಳಿದರೆ ಅಲ್ಲಿ ಗಾಳಿ ಬೆಚ್ಚಗೆ, ಒಗೆದ ಬಟ್ಟೆಯ ಘಮಲು. ಮರದ ತೊಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ, ಹಳೇ ಹಾಸಿಗೆ ಬಿಚ್ಚಿ ಹರಡಿದ ಹಾಗೆ, ಬಟ್ಟೆಯ ನೂಲಿನ ಬೂದು ರಾಶಿ. ಅದರ ಮೇಲೆ ಬಾಯಿ ತೆರೆದುಕೊಂಡಿತ್ತು ಬಟ್ಟೆ ಒಣಗಿಸುವ ಡ್ರೈಯರಿನ ಕೊಳವೆ.

ಅದಕ್ಕೆ ಸುತ್ತಿದ್ದ ಟೇಪು ಅವನದೇ ಕೈಯದು. ಅತ್ತೆ ಬರುವ ವಾರ, ಅವರಿಗೆ ಮೆಚ್ಚುಗೆಯಾಗಲೆಂದು ಹಿತ್ತಲ ಈಶಾನ್ಯ ಮೂಲೆಯಲ್ಲಿ ತುಳಸಿ ಕುಂಡ ಇಟ್ಟಿದ್ದ. ಡ್ರೈಯರಿನ ಬಿಸಿಗಾಳಿ ಗೋಡೆಯಿಂದಾಚೆ ಬರುತ್ತಿದ್ದದ್ದೂ ಅಲ್ಲಿಗೇ, ತುಳಸಿ ಬಾಡಿತು. ಕುಂಡ ಸರಿಸಿದರೆ ಈಶಾನ್ಯ ತಪ್ಪುತ್ತದೆ. ಹಾಗಾಗಿ ಕೊಳವೆಯನ್ನೇ ಬಗ್ಗಿಸಿ, ಗೋಡೆ ಬುಡದ ಗಾಳಿಕಿಂಡಿಯೊಳಗೆ ತೂರಿಸಿ ಕೈ ತೊಳೆದುಕೊಂಡಿದ್ದ. ಅಂದಿನಿಂದ ಮನೆಯವರ ಒದ್ದೆ ಬಟ್ಟೆಯ ನೀರೆಲ್ಲ ಆವಿಯಾಗಿ ಇಲ್ಲಿಗೇ ಬರುತ್ತಿತ್ತು. ಆ ಡ್ರೈಯರಿಗೆ ಅತ್ತೆಯ ಮಡಿಸೀರೆ ಒಂದು ದಿನವೂ ಬಿದ್ದಿರಲಿಲ್ಲ.

"ಏನಾದ್ರೂ ಸಿಕ್ತಾ, ಅಳಿಯಂದ್ರೇ?" ಮೇಲಿನಿಂದ ಅತ್ತೆ ಕೇಳಿದರು.

ನಲ್ಲಿ ಪೈಪು ಒಡೆದಿದೆ ಎಂದುಬಿಡಬಹುದಿತ್ತು. ಇಳಿದು ನೋಡುವವರು ಯಾರು? ಮಾತು ನಾಲಗೆಯ ತುದಿಗೂ ಬಂತು. ನುಂಗಿಕೊಂಡ.

"ತಪ್ಪು ನಂದು, ಅತ್ತೆ," ಎಂದು ಕತ್ತಲಲ್ಲೇ ಮಲಗಿಕೊಂಡು ಎಲ್ಲ ಹೇಳಿದ. ಮುಖ ಕಾಣದಿದ್ದದ್ದರಿಂದ ಅಷ್ಟು ಸಾಧ್ಯವಾಯಿತು.

"ತುಳಸಿಗೆ ಬಿಸಿಲು ಬಿದ್ರೆ ಸಾಕು," ಎಂದರು ಸತ್ಯವತಿ. "ಈಶಾನ್ಯದಲ್ಲೇ ಇಡ್ಬೇಕು ಅಂತ ಯಾರು ಹೇಳಿದ್ರು ನಿಮಗೆ?"

"ಇಂಟರ್ನೆಟ್ಟಲ್ಲಿತ್ತು."



ಕೊಳವೆಯ ಬಾಯಿ ಮತ್ತೆ ಹೊರಗಾಯಿತು, ಕುಂಡ ಬಿಸಿಲಿಗೆ ಹೋಯಿತು. ನೂಲನ್ನೆಲ್ಲ ಚೀಲಕ್ಕೆ ತುಂಬಿ, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ ಅವನು ಮೇಲೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಮೈಯೆಲ್ಲ ಮಣ್ಣು, ತಲೆಯೆಲ್ಲ ನೂಲು.

"ಏನನ್ನೂ ಮುಟ್ಟಬೇಡಿ," ಎಂದರು ಅತ್ತೆ. "ನೆಟ್ಟಗೆ ಬಚ್ಚಲಿಗೆ ನಡೀರಿ. ನೀರು ಹದ ಮಾಡಿಟ್ಟಿದ್ದೀನಿ."

ನೋಟಿಸು ಬಾಗಿಲ ಮೇಲೆ ಹಾಗೇ ಇತ್ತು. ಒಳಗೆ ಕಾಲಿಟ್ಟ ಜಗನ್ನಾಥ ನಿಂತೇಬಿಟ್ಟ. ಬಕೆಟ್ಟು, ಚೊಂಬು, ಮಣೆ, ಮೂರೂ ನೀರು ಹೋಗಲು ತೂತಿರುವ ಸ್ನಾನದ ಟಬ್ಬಿನೊಳಗಿದ್ದವು.

"ಅತ್ತೆ, ನೀವು... ಟಬ್ಬೊಳಗೇನಾ?"

"ಬಂದ ದಿನದಿಂದ ಅಲ್ಲೇ ಕೂತ್ಕೋತಿದ್ದೆ. ನೆಲಕ್ಕೆ ಸುರಿದ್ರೆ ನೀರು ಎಲ್ಲಿಗೆ ಹೋಗುತ್ತೆ, ತೂತೇ ಇಲ್ವಲ್ಲ? ಅಷ್ಟೂ ಗೊತ್ತಾಗಲ್ವಾ ನಂಗೆ? ನೀವು ಒಂದು ಮಾತು ಕೇಳ್ಲಿಲ್ಲ."

ಜಗನ್ನಾಥ ನೋಟಿಸು ಕಿತ್ತು ಹರಿಯಲು ನೋಡಿದ. ಲ್ಯಾಮಿನೇಟ್ ಮಾಡಿಸಿದ್ದು, ಹರಿಯಲಿಲ್ಲ. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ಕೇಳಿದ:

"ಅತ್ತೆ, ನಾಳೆ ಟಿಕೆಟ್ಟು..."

"ಸ್ನಾನ ಆದ್ಮೇಲೆ ಫೋನ್ ಮಾಡಿ ಮುಂದಕ್ಕೆ ಹಾಕ್ಸೋರಂತೆ," ಎಂದರು ಸತ್ಯವತಿ, ಬಾಗಿಲು ಎಳೆದುಕೊಳ್ಳುತ್ತಾ. "ನೀರು ಮಾತ್ರ ಹೊರಗೆ ಚೆಲ್ಲಬೇಡಿ."