ಬೊಗಸೆ ನೀರು

ಕಬ್ಬಿನ ಗದ್ದೆಯಲ್ಲಿ ಮೇಲೆ ಬಿದ್ದು ಕತ್ತು ಹಿಸುಕಿದ ನಿಂಗರಾಜುವನ್ನು ಜವರಮ್ಮ ಕೈಯಲ್ಲಿದ್ದ ಕುಡುಗೋಲಿನಿಂದ ಕಡಿದಿದ್ದಳು. ಅವನು ಆ ಗದ್ದೆಯಲ್ಲೇ ಸತ್ತ. ಜೀವ ಉಳಿಸಿಕೊಳ್ಳಲು ಮಾಡಿದ್ದು, ತಪ್ಪಿಲ್ಲ ಎಂದು ತೊಂಬತ್ತಾರರಲ್ಲಿ ಕೋರ್ಟು ಅವಳನ್ನು ಬಿಟ್ಟಿತು. ತನ್ನೂರು ಸಿಂಧಘಟ್ಟಕ್ಕೆ ಮರಳಿದ ಮೂರನೆಯ ದಿನ ಬೆಳಗ್ಗೆ ಸತ್ತವನ ತಾಯಿ ಚಿಕ್ಕಬೋರಮ್ಮ ಬಂದು ಜಗಲಿಯ ಮೇಲೆ ಕೂತಳು.

ಬೈಗುಳಕ್ಕೆ ಸಿದ್ಧಳಾಗಿ ಜವರಮ್ಮ ಕಂಬ ಹಿಡಿದು ನಿಂತಳು. ಮುದುಕಿ ಬೈಯಲಿಲ್ಲ.

"ನನ್ನ ಮಗ ಎಂಥೋನು ಅಂತ ನಂಗೊತ್ತು ಕಣವ್ವ. ಒಂದೇ ಮಾತು ಏಳ್ಬುಡು. ಪ್ರಾಣ ಬ್ಯಾಗ ಓಯ್ತಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಯಾವ ಪೊಲೀಸೂ, ಯಾವ ವಕೀಲನೂ ಕೇಳದೆ ವರ್ಷದಿಂದ ಎದೆಯಲ್ಲೇ ಕೊಳೆಯುತ್ತಿದ್ದ ಮಾತು ತಾನಾಗಿ ಹೊರಬಿತ್ತು.

"ಇಲ್ಲ ದೊಡ್ಡವ್ವ. ಬಾಳ ಒತ್ತು ಜೀವ ಇಟ್ಕಂಡಿದ್ದ. ನೀರು ನೀರು ಅಂದ. ಕಾಲುವೆ ಪಕ್ಕದಲ್ಲೇ ಅರೀತಿತ್ತು. ಎದ್ದೇಳಕ್ಕೂ ಆಗ್ದಂಗೆ ಬಿದ್ದಿದ್ದ, ಇನ್ನು ನಂಗೇನೂ ಮಾಡಂಗಿರ್ಲಿಲ್ಲ. ಆದ್ರೂ ಕೊಡ್ಲಿಲ್ಲ. ಗದ್ದೆ ಬದದ ಮೇಲೆ ಕೂತ್ಕಂಡು ನೋಡ್ತಿದ್ದೆ."

"ಎದ್ರಿಕೆಗಾ?"

"ಅಲ್ಲ. ಸಾಯ್ಲಿ ಅಂತ."

"ನಿನ್ನ ತಪ್ಪಿಲ್ಲ ಅಂತ ಏಳಿ ಓಗಣ ಅಂತ ಬಂದಿದ್ದೆ. ಈಗ ಬಾಯಿ ಬರ್ತಿಲ್ಲ" ಎಂದಳು ಚಿಕ್ಕಬೋರಮ್ಮ. ಮೊಣಕಾಲು ಹಿಡಿದು ಎದ್ದು, ತಿರುಗಿ ನೋಡದೆ ನಡೆದಳು.

ಹೇಳಿಬಿಟ್ಟರೆ ಎದೆ ಹಗುರಾದೀತೆಂದು ಜವರಮ್ಮ ಅಂದುಕೊಂಡಿದ್ದಳು. ಆಗಲಿಲ್ಲ. ತನ್ನ ಭಾರ ಹಾಗೇ ಉಳಿಯಿತು. ಅಷ್ಟೇ ಭಾರವನ್ನು ಆ ಮುದುಕಿಯ ತಲೆಗೂ ಹೊರಿಸಿದ್ದಾಯಿತು. ಆಮೇಲೆ ಚಿಕ್ಕಬೋರಮ್ಮ ಬದುಕಿದ್ದ ಎರಡು ವರ್ಷವೂ ಜವರಮ್ಮ ಅವಳ ಬೀದಿಯಲ್ಲಿ ಕಾಲಿಡಲಿಲ್ಲ.