ಹಲ್ಲಣ್ಣನ ಹೆಡ್‌ಲೈಟು

ಶನಿವಾರ ಮಧ್ಯಾಹ್ನ ಹಲ್ಲಣ್ಣ ಬೀದಿ ಬಾಗಿಲು ಹಾಕಿ, ಹಿತ್ತಲಲ್ಲಿ ನಿಲ್ಲಿಸಿದ್ದ ತನ್ನ ಹಳೇ ಮೋಟಾರ್‌ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸೀಟಿನ ಕೆಳಗಿನ ಅರ್ತ್ ವೈರಿನ ನಟ್ಟನ್ನು ಸ್ವಲ್ಪ ಸಡಿಲ ಮಾಡಿದ. ಆಮೇಲೆ ಏನೂ ಅರಿಯದವನ ಹಾಗೆ ಕೈ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಗಾಡಿಯನ್ನು ರಿಪೇರಿಗೆ ಹೊರಡಿಸಿದ.

ಇವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ತಲೆ ನೆಟ್ಟಗೇ ಇತ್ತು. ಅವನ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಬಿಳಿ ಪುಡಿ ಕಲಸಿ ಅಚ್ಚು ಹೊಯ್ದ ಬೋಳು ದವಡೆಗಳ ಮಧ್ಯೆ ಅವನೊಬ್ಬನೇ. ದಿನವಿಡೀ ಎದುರಿಗೆ ಬಾಯಿಗಳೇ, ಆದರೆ ಒಂದಾದರೂ ತುಟಿ ಪಿಟಕ್ಕೆನ್ನಬೇಕಲ್ಲ! ಬೊಚ್ಚುಬಾಯಲ್ಲಿ ಬಂದವರು ಮುಂಬಾಗಿಲಿನಿಂದಲೇ ಹಲ್ಲು ಕಿರಿಯುತ್ತ ಹೋಗುತ್ತಿದ್ದರು. ಆ ಹಲ್ಲು ಕೂರಿಸಿದವನ ಮುಖ ಯಾರೂ ಕಂಡವರಲ್ಲ. ನೋಡೋಣ, ನೋಡೋಣ ಎನ್ನುವಷ್ಟರಲ್ಲಿ ಮದುವೆಯ ವಯಸ್ಸು ದಾಟಿತು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ದನಿ ಎತ್ತುವುದು ಕುಕ್ಕರ್ ಮಾತ್ರ. ದೂರದಲ್ಲಿರುವ ಅಕ್ಕ ಆಗೀಗ ಫೋನು ಮಾಡುತ್ತಾಳೆ. "ಊಟ ಆಯ್ತೇನೋ?" "ಆಯ್ತಕ್ಕ." "ಸರಿ, ಇಡ್ಲಾ ಹಾಗಾದ್ರೆ?" ಅಲ್ಲಿಗೆ ಒಡಹುಟ್ಟಿದವರ ಮಾತುಕತೆ ಮುಗಿಯಿತು.

ಹೀಗಿರುವಾಗ ಒಂದು ಸಲ ಹೆಡ್‌ಲೈಟು ನಿಜವಾಗಿಯೇ ಕೈಕೊಟ್ಟಿತು. ಸಂತೆ ಬೀದಿಯ ಕೊನೆಯಲ್ಲಿ, ಗಾಡಿಗಳ ವೈರಿಂಗ್ ಕೆಲಸವನ್ನಷ್ಟೇ ಮಾಡುವ ಮೇಸ್ತ್ರಿಯ ಅಂಗಡಿಗೆ ಹೋದ. ಮೇಸ್ತ್ರಿ ಬಾಯಿಬಡುಕ. ಎರಡು ವೈರು ಕಟ್ಟಿದ ಪುಟ್ಟ ಬಲ್ಬೊಂದನ್ನು ಗಾಡಿಯ ಮೈಮೇಲೆ ಅಲ್ಲಿ ಇಲ್ಲಿ ಇಟ್ಟು, ಎಲ್ಲಿಯವರೆಗೆ ಕರೆಂಟು ಬರುತ್ತಿದೆ ಎಂದು ಹುಡುಕುತ್ತ, ಹೆಂಡತಿಯ ಗೊರಕೆಯಿಂದ ಹಿಡಿದು ಪಕ್ಕದ ಅಂಗಡಿಯವನ ಜಗಳದವರೆಗೆ ಎಲ್ಲವನ್ನೂ ಹೇಳಿದ. ಮಧ್ಯೆ ಮಧ್ಯೆ "ನೀವೇ ಹೇಳಿ ಹಲ್ಲಣ್ಣ" ಎಂದು ಕೇಳುತ್ತಿದ್ದ. ಹಲ್ಲಣ್ಣ ಎಂಬ ಹೆಸರಿಟ್ಟವನೂ ಅವನೇ. ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಬಗ್ಗಿಸಿ ಕೊಟ್ಟ. ಅವತ್ತು ಹಲ್ಲಣ್ಣ ಮನೆಗೆ ಬಂದು ಕನ್ನಡಿ ಮುಂದೆ ನಿಂತು, "ನೀವೇ ಹೇಳಿ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ನಕ್ಕ.

ಮುಂದಿನ ವಾರವೂ ಹೋಗಬೇಕೆನಿಸಿತು. ಆದರೆ ಸುಮ್ಮನೆ ಹೇಗೆ ಹೋಗುವುದು? ಕೆಲಸವಿಲ್ಲದೆ ಇನ್ನೊಬ್ಬರ ಹೊಸ್ತಿಲು ತುಳಿದ ಜನ್ಮವಲ್ಲ ಅದು. ಮೇಸ್ತ್ರಿಯ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರಲು ಅವನಿಗೊಂದು ಕಾರಣ ಬೇಕಿತ್ತು, ಕಾರಣ ಮಾಡಿಕೊಂಡ. ಒಂದು ವಾರ ಅರ್ತ್ ಸಡಿಲ, ಒಂದು ವಾರ ಹಿಂದಿನ ಲೈಟಿನ ಹೋಲ್ಡರ್ ಓರೆ, ಇನ್ನೊಂದು ವಾರ ಫ್ಯೂಸಿನ ಕ್ಲಿಪ್ಪು ಅಗಲ. ಶನಿವಾರ ಬಂತೆಂದರೆ ಹಬ್ಬ.

ಆದರೆ ಈ ಶನಿವಾರ ಮೇಸ್ತ್ರಿಯ ಬಾಯಿಗೆ ಬೀಗ ಬಿದ್ದಿತ್ತು. ಸೀಟು ತೆಗೆದ, ನಟ್ಟು ನೋಡಿದ, ಕೆಳತುಟಿ ಕಚ್ಚಿಕೊಂಡ. ಬೆಂಚಿನಲ್ಲಿ ಕೂತಿದ್ದ ಹಾಲಿನವನು ಸುಮ್ಮನಿರುವ ಪೈಕಿಯೇ? "ಏನ್ ಮೇಸ್ತ್ರಿ, ಮತ್ತೆ ಇದೇ ಗಾಡಿನಾ? ಇದನ್ನ ಮನೆ ಅಳಿಯ ಮಾಡ್ಕೊಂಡ್ಬಿಡಿ. ಒಂದು ಲೈಟ್ ಸರಿ ಮಾಡಕ್ಕಾಗಲ್ಲ ಅಂದ್ರೆ ನನ್ನ ಸ್ಕೂಟರ್ ನಿಮ್ಮ ಕೈಗೆ ಹೇಗ್ರೀ ಕೊಡ್ಲಿ?" ಎಂದವನು, ನಿಜವಾಗಿಯೂ ಸ್ಕೂಟರನ್ನು ತಳ್ಳಿಕೊಂಡು ಹೋಗಿಬಿಟ್ಟ.

ಮೇಸ್ತ್ರಿ ಕೈಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಹಲ್ಲಣ್ಣ, ನಿಮ್ಮ ಹತ್ರ ಮುಚ್ಚುಮರೆ ಯಾಕೆ? ನನ್ನ ಕೈ ಹೋಯ್ತು ಅನ್ಸುತ್ತೆ. ಈ ನಟ್ ನಾನೇ ಬಿಗಿ ಮಾಡಿದ್ದೆ. ಮಾಡಿದ್ದು ನೆನಪಿದೆ, ಆದ್ರೆ ಸಡಿಲ ಆಗಿದೆ. ಈಗೀಗ ಬೇರೆ ಗಾಡಿ ಮಾಡಿದ್ರೂ ಮೂರ್‌ಮೂರು ಸಲ ನೋಡ್ತೀನಿ. ಮಲಗಿದ್ರೆ ನಿದ್ದೆ ಬರಲ್ಲ. ಅಂಗಡಿ ಮುಚ್ಚಿ ಬಾವಮೈದನ ಗೋಡೌನ್‌ನಲ್ಲಿ ಕೂತ್ಕೊಳಿ ಅಂತಾಳೆ ಹೆಂಡ್ತಿ. ಕೂತ್ಕೊಳ್ಳೋಣ ಅಂತ ನನಗೂ ಅನ್ನಿಸ್ತಿದೆ."

ತಾನು ಕೆಡಿಸಿದ್ದು ತನ್ನದೇ ಗಾಡಿಯನ್ನು ಎಂದು ಹಲ್ಲಣ್ಣ ಇಲ್ಲಿಯವರೆಗೆ ನೆಮ್ಮದಿಯಾಗಿದ್ದ. ಈಗ ನೋಡಿದರೆ ಕೆಟ್ಟಿದ್ದು ಒಬ್ಬ ಕೆಲಸಗಾರನ ಕೈ. "ಇನ್ನೊಂದ್ಸಲ ನೋಡಿ ಮೇಸ್ತ್ರಿ, ಮುಂದಿನ ವಾರ ತರ್ತೀನಿ. ನೀವಲ್ಲದೆ ಇನ್ಯಾರು ಇದರ ರೋಗ ಹಿಡೀತಾರೆ?" ಎಂದಷ್ಟೇ ಹೇಳಿ ಎದ್ದ.

ವಾರವಿಡೀ ಒದ್ದಾಡಿದ. ಹೋಗಿ ಹೇಳಿಬಿಡೋಣವೆಂದರೆ, ಇಷ್ಟು ದಿನ ತನ್ನನ್ನು ಆಟ ಆಡಿಸಿದರು ಎಂದು ಮೇಸ್ತ್ರಿಗೆ ಇನ್ನಷ್ಟು ಅವಮಾನ. ಬೀದಿಯಲ್ಲಿ ಅವನು ತಲೆ ಎತ್ತುವ ಹಾಗಿರುವುದಿಲ್ಲ. ಹೋಗುವುದನ್ನೇ ನಿಲ್ಲಿಸೋಣವೆಂದರೆ, ಗಿರಾಕಿ ಬೇಸತ್ತು ಬೇರೆ ಕಡೆ ಹೋದ ಎಂದುಕೊಂಡು ಅವನು ಅಂಗಡಿಗೆ ಬೀಗ ಜಡಿಯುತ್ತಾನೆ. ಉಳಿದದ್ದು ಒಂದೇ ದಾರಿ. ಮೇಸ್ತ್ರಿಯೇ ಹುಡುಕಿ, ಮೇಸ್ತ್ರಿಯೇ ಗೆಲ್ಲುವಂಥ ಅಸಲಿ ದೋಷವೊಂದನ್ನು ಗಾಡಿಗೆ ಮಾಡಿ ಕೊಡಬೇಕು. ಅದು ಸಿಕ್ಕ ಮೇಲೆ ಗಾಡಿ ಮತ್ತೆ ಕೆಡಬಾರದು. ಕೆಡದಿದ್ದರೆ ಬೆಂಚಿಲ್ಲ, ಟೀ ಇಲ್ಲ, "ನೀವೇ ಹೇಳಿ" ಇಲ್ಲ. ಇದು ಹೊಳೆದಾಗ ಹಲ್ಲಣ್ಣ ಬೋಳು ದವಡೆಗಳ ಮುಂದೆ ಕೂತು ಕಣ್ಣೀರು ಹಾಕಿದ. ನಡುವಯಸ್ಸು ದಾಟಿದ ಗಂಡಸು ಅಳುವುದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಕಣ್ಣು ಒರೆಸಿಕೊಳ್ಳುವ ಅವಸರವೂ ಇರಲಿಲ್ಲ.

ಶುಕ್ರವಾರ ಪೆಟ್ರೋಲ್ ಟ್ಯಾಂಕ್ ಬಿಚ್ಚಿದ. ವೈರುಗಳ ಕಟ್ಟು ಹೆಡ್‌ಲೈಟಿನ ಕಡೆಗೆ ತಿರುಗುವಲ್ಲಿ, ಗಾಡಿಯ ಕಬ್ಬಿಣಕ್ಕೆ ಒರಗಿಕೊಂಡ ಮಗ್ಗುಲನ್ನು ಆರಿಸಿದ. ಹಲ್ಲಿನ ಅಂಚು ತೀಡುವ ಸಣ್ಣ ಅರದಿಂದ ಮೇಲಿನ ಕರಿ ತೊಗಲನ್ನೂ ಒಳಗಿನ ವೈರಿನ ಸಿಪ್ಪೆಯನ್ನೂ ಉಜ್ಜಿ ಉಜ್ಜಿ, ತಾಮ್ರ ಕಾಣುವಷ್ಟು ತೆಳ್ಳಗೆ ಮಾಡಿದ. ಗಾಯಕ್ಕೆ ಹಳೇ ಗ್ರೀಸು, ಧೂಳು ಮೆತ್ತಿದ. ನಕಲಿಯನ್ನು ಅಸಲಿ ಮಾಡುವುದೇ ಅವನ ಹೊಟ್ಟೆಪಾಡು; ವರ್ಷಗಟ್ಟಲೆ ತಾನೇ ಸವೆದ ಹಾಗೆ ಕಾಣುವವರೆಗೆ ಬಿಡಲಿಲ್ಲ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ತಾಮ್ರ ಕಬ್ಬಿಣಕ್ಕೆ ತಾಗಿ, ಫ್ಯೂಸು ಸುಟ್ಟುಹೋಯಿತು. ಉಳಿದ ನಟ್ಟುಗಳನ್ನೆಲ್ಲ ಕೈಯಾರೆ ಬಿಗಿ ಮಾಡಿದ.

ಶನಿವಾರ ಮೇಸ್ತ್ರಿ ಹೊಸ ಫ್ಯೂಸು ಹಾಕಿದ, ಲೈಟು ಬಂತು. ಗಾಡಿಯನ್ನು ಪಕ್ಕಕ್ಕೆ ಹೊರಳಿಸಲು ಹೋದ, ಲೈಟು ಹೋಯಿತು. ಅವನು ಗಕ್ಕನೆ ನಿಂತ. ಇನ್ನೊಂದು ಫ್ಯೂಸು. ಬಲಕ್ಕೆ ತಿರುಗಿಸಿದರೆ ಉರಿಯುತ್ತದೆ, ಎಡಕ್ಕೆ ತಿರುಗಿಸಿದರೆ ಫ್ಯೂಸು ಸುಡುತ್ತದೆ. ಟ್ಯಾಂಕ್ ಇಳಿಸಿದ. ವೈರುಗಳ ಕಟ್ಟನ್ನು ಬೆರಳಲ್ಲಿ ತಡವುತ್ತ ತಡವುತ್ತ ಹೋಗಿ ಮಗುಚಿ ಹಾಕಿದ.

"ಸಿಕ್ತು! ಹಲ್ಲಣ್ಣ, ಸಿಕ್ತು ಕಣ್ರೀ! ಅಯ್ಯೋ ಕಳ್ಳ ನನ್ಮಗನೇ, ಬೆನ್ನ ಹಿಂದೆ ಅಡಗಿಕೊಂಡಿದ್ಯಾ?"

ಪಕ್ಕದ ಅಂಗಡಿಯವನನ್ನು ಕರೆದು ತೋರಿಸಿದ, ಹಾದುಹೋಗುವವರನ್ನು ನಿಲ್ಲಿಸಿ ತೋರಿಸಿದ. ಇದೊಂದು ಸವೆತವೇ ಇಷ್ಟು ದಿನ ಎಲ್ಲ ಕಡೆ ಆಟ ಆಡಿಸಿತು ಎಂದು ಸಾರಿದ. ನಟ್ಟು ಸಡಿಲಾಗುವುದಕ್ಕೂ ವೈರು ಸವೆಯುವುದಕ್ಕೂ ಏನು ಸಂಬಂಧ ಎಂದು ಅವನು ಕೇಳಿಕೊಳ್ಳಲಿಲ್ಲ. ಅಷ್ಟು ಖುಷಿಯಲ್ಲಿದ್ದ. ಹೊಸ ವೈರು ಹಾಕಿ, ಟೇಪು ಸುತ್ತಿ, ಹಲ್ಲಣ್ಣನ ಬೆನ್ನು ತಟ್ಟಿದ. "ಇನ್ನು ನೀವು ನನ್ನ ಮುಖ ನೋಡೋ ಹಾಗೇ ಇಲ್ಲ ಬಿಡಿ!"

"ಒಳ್ಳೇದೇ ಆಯ್ತಲ್ಲ ಮೇಸ್ತ್ರಿ" ಎಂದ ಹಲ್ಲಣ್ಣ.

ಮುಂದಿನ ಶನಿವಾರ ಸಂಜೆ ಮನಸ್ಸು ತಡೆಯದೆ, ಹೆಡ್‌ಲೈಟು ಹಾಕಿಕೊಂಡು ಸಂತೆ ಬೀದಿಯಲ್ಲೇ ಗಾಡಿ ಓಡಿಸಿದ. ಮೇಸ್ತ್ರಿಯ ಅಂಗಡಿಯಲ್ಲಿ ಜನ ತುಂಬಿದ್ದರು. ಹಾಲಿನವನ ಸ್ಕೂಟರೂ ಬಂದು ನಿಂತಿತ್ತು. ಈ ಸಲ ಏನಾದರಾಗಲಿ, ಸುಮ್ಮನೆ ಬಂದೆ ಎಂದು ಹೇಳಿಯೇ ಬಿಡುವುದೆಂದು ಹಲ್ಲಣ್ಣ ಬ್ರೇಕಿನ ಮೇಲೆ ಕಾಲಿಟ್ಟ. ಅಷ್ಟರಲ್ಲಿ ಮೇಸ್ತ್ರಿ ಅವನನ್ನು ಕಂಡು ಬೀದಿಗೇ ಓಡಿ ಬಂದ.

"ನಿಲ್ಲಿಸ್ಬೇಡಿ ಹಲ್ಲಣ್ಣ, ನಿಲ್ಲಿಸ್ಬೇಡಿ! ಹಾಗೇ ಹೋಗ್ತಾ ಇರಿ!" ಎಂದು ಎರಡೂ ಕೈ ಬೀಸಿ, ಅಂಗಡಿಯ ಕಡೆ ತಿರುಗಿ ಕೂಗಿದ. "ಲೈಟ್ ನೋಡ್ರೋ, ಹೆಂಗ್ ಉರೀತಿದೆ ನೋಡ್ರೋ!"

ಬೆಂಚಿನವರೆಲ್ಲ ಎದ್ದು ನೋಡಿದರು. ಹಲ್ಲಣ್ಣ ಕೈ ಎತ್ತಿ ನಕ್ಕು, ಬ್ರೇಕಿನಿಂದ ಕಾಲು ತೆಗೆದು, ಮುಂದೆ ಹೋದ.