ತಂಗಿಯ ಕೋಟಿಗೆ ಅರ್ಧ ನೂಲು

ನನ್ನ ತಂಗಿಯನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಾರೆ. ಮೂರು ವರ್ಷದವಳಿದ್ದಾಗ ಅಂಗಿಯ ಗುಂಡಿ ನುಂಗಿಬಿಟ್ಟಿದ್ದಳು. ಆಮೇಲೆ ಒಂದು ವಾರ ಅವಳು ಕೆಮ್ಮಿದಾಗಲೆಲ್ಲ ಪಕ್ಕದ ಮನೆಯವರ ಅಂಗಿಗಳು ತಾವಾಗಿಯೇ ಗುಂಡಿ ಹಾಕಿಕೊಳ್ಳುತ್ತಿದ್ದವು. ನಂಬದಿದ್ದರೆ ಬಿಡಿ, ನಾನು ಕಣ್ಣಾರೆ ಕಂಡವಳು.

ನಾವಿಬ್ಬರೂ ಒಂದೇ ಹೊಲಿಗೆ ಅಂಗಡಿಯಲ್ಲಿ ಎದುರುಬದುರು ಮಷಿನ್ನಿಗೆ ಕೂರುವವರು. ಕೆಳಗೆ ಬೇಕರಿ, ಮೇಲೆ ನಾವು. ನರ್ಸುಗಳ ಸಮವಸ್ತ್ರ, ಹೋಟೆಲಿನ ಅಡುಗೆಯವರ ಕೋಟು ಹೊಲಿಯುತ್ತೇವೆ. ಕಾಯಿಲೆಯೂ ಇಬ್ಬರಿಗೂ ಒಂದೇ, ಪಿಸಿಓಎಸ್. ಮುಟ್ಟು ಬಂದರೆ ಬಂತು, ಇಲ್ಲದಿದ್ದರೆ ಮೂರು ನಾಲ್ಕು ತಿಂಗಳು ಅದರ ಸುಳಿವೇ ಇಲ್ಲ. ಮೈ ಊದುತ್ತದೆ, ಗಲ್ಲದ ಮೇಲೆ ಕೂದಲು ಹುಟ್ಟುತ್ತದೆ. ಭಾನುವಾರ ಕಿಟಕಿಯ ಹತ್ತಿರ ಕೂತು ಒಬ್ಬರ ಗಲ್ಲದ ಕೂದಲನ್ನು ಇನ್ನೊಬ್ಬರು ಚಿಮಟದಲ್ಲಿ ಕೀಳುತ್ತಿದ್ದೆವು. ನನ್ನದು ಎಂಥ ಕೂದಲೆಂದರೆ, ಅದರಿಂದ ಗೋಣಿಚೀಲ ಹೊಲಿಯಬಹುದಿತ್ತು. ಆದರೂ ನನಗೆ ಆ ಭಾನುವಾರಗಳು ಇಷ್ಟ. ಕಾಯಿಲೆಗೂ ಒಬ್ಬಳು ಜೊತೆಗಾರ್ತಿ ಇದ್ದಳಲ್ಲ.

ಡಾಕ್ಟರಮ್ಮ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಹೇಳಿದರು. "ಮೆಡಿಟರೇನಿಯನ್ ಅಂತ ಒಂದು ಸಮುದ್ರ ಇದೆ. ಅದರ ಸುತ್ತ ಇರೋ ಜನ ತಿನ್ನೋ ಥರ ತಿಂದು ನೋಡಿ. ಸೊಪ್ಪು, ತರಕಾರಿ, ಕಾಳು, ಮೀನು, ಅಕ್ರೋಟು. ಅಡುಗೆಗೆ ಆಲಿವ್ ಎಣ್ಣೆ. ಮೈದಾ, ಸಕ್ಕರೆ, ಕರಿದದ್ದು ಕಮ್ಮಿ. ನಿಮ್ಮ ಮೈಯಲ್ಲಿ ಇನ್ಸುಲಿನ್ ಇದೆ, ಆದ್ರೆ ಮೈ ಅದರ ಮಾತು ಕೇಳ್ತಿಲ್ಲ. ಹೀಗೆ ತಿಂದ್ರೆ ಕೇಳಬಹುದು."

"ಕೇಳಬಹುದಾ, ಕೇಳುತ್ತಾ?" ಎಂದೆ ನಾನು.

"ಬಹುದು. ಕೆಲವರಿಗೆ ಮುಟ್ಟು ಸರಿಯಾಗುತ್ತೆ, ಕೆಲವರಿಗೆ ನಿಧಾನ. ಪೂರ್ತಿ ವಾಸಿಯಾಗೋ ಕಾಯಿಲೆ ಅಲ್ಲ ಇದು. ಮಾತ್ರೆ ಬೇಕಾ ಬೇಡ್ವಾ ಅಂತ ಆರು ತಿಂಗಳಾದ್ಮೇಲೆ ನೋಡೋಣ."

ಗುಂಡಿಗೆ ಮಾತ್ರೆ ಎಂದರೆ ಆಗದು. ಹಿಂದೊಮ್ಮೆ ನುಂಗಿ, ಹೊಟ್ಟೆ ಕೆಟ್ಟು ದಿನಕ್ಕೆ ಆರು ಸಲ ಮಷಿನ್ ಬಿಟ್ಟು ಕಕ್ಕಸಿಗೆ ಓಡಿದ್ದಳು. "ಮಾತ್ರೆ ಇಲ್ದೇನೇ ಸರಿ ಮಾಡ್ಕೋತೀನಿ, ನೋಡ್ತಿರು ಅಕ್ಕ" ಎಂದಳು.

ನಾನು ಒಂಬತ್ತು ದಿನ ಹಾಗೆ ತಿಂದೆ. ಹತ್ತನೆಯ ದಿನ ಬೇಕರಿಯ ವಾಸನೆ ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಯಿತು. ಗುಂಡಿ ಬಿಡಲಿಲ್ಲ. ಮಧ್ಯಾಹ್ನದ ಡಬ್ಬಿಯಲ್ಲಿ ಬೇಯಿಸಿದ ಕಡಲೆಕಾಳು, ಟೊಮೆಟೊ, ಸೌತೆಕಾಯಿ, ಮೇಲೊಂದು ಚಮಚ ಎಣ್ಣೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದು ಬೆಳಗ್ಗೆ ಬಂದು ನನ್ನ ಕಿವಿಯಲ್ಲಿ "ಮೂವತ್ನಾಲ್ಕು ದಿನಕ್ಕೆ ಬಂತು ಅಕ್ಕ" ಎಂದಳು. ಮುಂದಿನದು ಮೂವತ್ತೆರಡಕ್ಕೆ. ಮುಖದ ಮೊಡವೆಯೂ ಇಳಿಯಿತು. ಭಾನುವಾರ ಚಿಮಟ ಹಿಡಿದು ಕೂತರೆ ಅವಳ ಗಲ್ಲದಲ್ಲಿ ನನಗೆ ಸಿಕ್ಕಿದ್ದು ಎರಡೇ ಕೂದಲು. ನನ್ನ ಗಲ್ಲಕ್ಕೆ ಅವಳು ಮುಕ್ಕಾಲು ಗಂಟೆ ತೆಗೆದುಕೊಂಡಳು.

ನನಗೆ ಆಗ ಮುಟ್ಟಿಲ್ಲದೆ ಐದನೇ ತಿಂಗಳು. ನನ್ನ ಹೊಟ್ಟೆಕಿಚ್ಚಿಗೆ ನಾಲ್ಕು ಇಸ್ತ್ರಿಪೆಟ್ಟಿಗೆ ಇಟ್ಟಿದ್ದರೆ ನಾಲ್ಕೂ ಕಾಯುತ್ತಿದ್ದವು. ತಂಗಿ ಚೆನ್ನಾಗಿರಲಿ ಎಂದು ಬಾಯಲ್ಲಿ ಅನ್ನುತ್ತಿದ್ದೆ. ನನ್ನನ್ನು ಬಿಟ್ಟು ಹೋಗುತ್ತಿದ್ದಾಳಲ್ಲ ಎಂದು ಒಳಗೆ ಬೇಯುತ್ತಿದ್ದೆ.

ನಮ್ಮ ಅಂಗಡಿಯಲ್ಲಿ ಒಂದು ನಂಬಿಕೆ ಇದೆ. ಹೊಲಿಗೆಯವರೆಲ್ಲ ಮೈಗೆ ಸರಿಯಾಗಿ ಹೊಲಿದ ಕೆಲಸದ ಕೋಟು ಹಾಕುತ್ತೇವೆ. ಸಂಜೆ ಕೊಕ್ಕೆಗೆ ನೇತುಹಾಕಿ ಮನೆಗೆ ಹೋಗುತ್ತೇವೆ. ದಪ್ಪ ಆದೆಯಾ ಸಣ್ಣ ಆದೆಯಾ ಎಂದು ಯಾರಾದರೂ ಕೇಳಿದರೆ ನಾವು ತೂಕ ನೋಡುವುದಿಲ್ಲ, ಟೇಪೂ ಹಿಡಿಯುವುದಿಲ್ಲ. "ಟೇಪು ಹಳತಾದ್ರೆ ಹಿಗ್ಗುತ್ತೆ. ಕೋಟು ಸುಳ್ಳು ಹೇಳಲ್ಲ" ಎಂದು ಕಟಿಂಗ್ ಮೇಷ್ಟ್ರು ದಿನಕ್ಕೆರಡು ಸಲ ಹೇಳುತ್ತಾರೆ. ನಾವೂ ಅದನ್ನೇ ನಂಬಿದವರು.

ಶನಿವಾರ ಸಂಜೆ ಅಂಗಡಿ ಗುಡಿಸುವ ಸರದಿ ನನ್ನದು. ಎಲ್ಲರೂ ಹೋದ ಮೇಲೆ ಗುಂಡಿಯ ಕೋಟು ಇಳಿಸಿದೆ, ಎರಡೂ ಪಕ್ಕದ ಹೊಲಿಗೆ ಬಿಚ್ಚಿದೆ, ಅರ್ಧ ನೂಲು ಒಳಗೆ ತೆಗೆದುಕೊಂಡು ಮತ್ತೆ ಹೊಲಿದೆ. ಒಂದು ನೂಲೆಂದರೆ ಇಂಚಿನಲ್ಲಿ ಎಂಟನೇ ಒಂದು ಪಾಲು. ಅದರಲ್ಲೂ ಅರ್ಧ. ಇರುವೆ ಕೂಡ ಗಮನಿಸದಷ್ಟು. ಹೀಗೆ ಆರು ಶನಿವಾರ.

ಮೂರನೆಯ ಸೋಮವಾರ ಗುಂಡಿ ಕೋಟು ಹಾಕಿಕೊಂಡು ಸೊಂಟದ ಹತ್ತಿರ ಎರಡು ಸಲ ಎಳೆದುಕೊಂಡಳು. ಐದನೆಯ ಸೋಮವಾರ ಉಸಿರು ಒಳಗೆಳೆದುಕೊಂಡು ಗುಂಡಿ ಹಾಕಿದಳು.

"ಬಿಗಿ ಆಗ್ತಿದೆ ಅಕ್ಕ."

"ಎಣ್ಣೆ ಎಣ್ಣೇನೇ ಕಣೆ. ಯಾವ ಸಮುದ್ರದ್ದಾದ್ರೇನು" ಎಂದೆ ನಾನು, ದಾರ ಪೋಣಿಸುತ್ತಾ.

"ಮುಟ್ಟು ಸರಿಯಾಗಿ ಬಂತಲ್ಲ ಮತ್ತೆ?"

"ಅದು ಬಂದು ಹೋಗೋದು. ಕೋಟು ಸುಳ್ಳು ಹೇಳುತ್ತಾ?"

ಆರನೆಯ ಶನಿವಾರ ಕಳೆದ ಸೋಮವಾರ ಅವಳು ಡಬ್ಬಿ ತರಲಿಲ್ಲ. ಮಧ್ಯಾಹ್ನ ಕೆಳಗಿಳಿದು ಹೋಗಿ ಎರಡು ಕ್ರೀಮ್ ಬನ್ ತಂದಳು. ಒಂದನ್ನು ನನ್ನ ಕೈಗಿಟ್ಟು, "ತಗೋ. ನಾನೂ ನಿನ್ನ ಜೊತೆಗೇ" ಎಂದಳು.

ನಾನು ಗೆದ್ದಿದ್ದೆ. ಬನ್ನು ಮೆತ್ತಗಿತ್ತು, ಕ್ರೀಮು ಸಿಹಿಯಾಗಿತ್ತು, ಎದುರಿಗೆ ತಂಗಿ ತಲೆ ಬಗ್ಗಿಸಿ ತಿನ್ನುತ್ತಿದ್ದಳು. ನಾನು ಒಂದು ತುತ್ತು ಕಚ್ಚಿ, ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಎರಡು ವಾರ ಹೀಗೇ ನಡೆಯಿತು. ಅವಳಿಗೆ ಮುಟ್ಟಾಗಬೇಕಿದ್ದ ದಿನ ಬಂತು, ಹೋಯಿತು. ನಲವತ್ತು ದಿನ ಆಯಿತು. ಗುಂಡಿ ಲೆಕ್ಕ ಹೇಳುವುದನ್ನೇ ಬಿಟ್ಟಳು.

ಆ ಶನಿವಾರ ನನಗೆ ತಡೆಯಲಾಗಲಿಲ್ಲ. ಅವಳ ಕೋಟಿನ ಹೊಲಿಗೆಯನ್ನೆಲ್ಲ ಬಿಚ್ಚಿದೆ. ಮಾಡಿದ ತಪ್ಪಿಗೆ ಬಡ್ಡಿ ಸೇರಿಸಿ ಕೊಟ್ಟುಬಿಡೋಣ ಎಂದು ಒಳಗಿನ ಮಾರ್ಜಿನ್ ಬಟ್ಟೆಯನ್ನೂ ಎಳೆದು, ಮೊದಲಿಗಿಂತ ಒಂದಿಂಚು ಸಡಿಲವಾಗಿಯೇ ಹೊಲಿದೆ. ಸೋಮವಾರ ಕೋಟು ಸಡಿಲ ಕಂಡರೆ ಅವಳಿಗೆ ಧೈರ್ಯ ಬರುತ್ತದೆ, ಮತ್ತೆ ಕಾಳು ಬೇಯಿಸುತ್ತಾಳೆ, ನಾನು ಏನೂ ಹೇಳಬೇಕಾಗುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ.

ಸೋಮವಾರ ಗುಂಡಿ ಕೋಟು ಹಾಕಿಕೊಂಡಳು. ಅದು ಡೇರೆಯ ಹಾಗೆ ನಿಂತಿತು. ಅವಳು ಹಿಂದೆ ತಿರುಗಿ ನೋಡಿಕೊಂಡಳು, ಮುಂದೆ ನೋಡಿಕೊಂಡಳು. ಕಣ್ಣು ಅಗಲವಾಯಿತು.

"ಅಕ್ಕ, ನೋಡಿಲ್ಲಿ. ಬನ್ ತಿಂದು ಇಳಿದುಬಿಟ್ಟಿದ್ದೀನಿ."

ಎರಡೂ ಕೈಯಲ್ಲಿ ಕೋಟಿನ ಪಕ್ಕ ಹಿಡಿದು ಎಳೆದು ತೋರಿಸಿದಳು.

"ನಾಲ್ಕು ತಿಂಗಳು ಸೊಪ್ಪು ಮೇದ್ರೆ ಕೋಟು ಬಿಗಿ. ಎರಡು ವಾರ ಬನ್ ತಿಂದ್ರೆ ಸಡಿಲ. ಆ ಡಾಕ್ಟರಮ್ಮಂಗೆ ಏನು ಗೊತ್ತು? ನಾನು ಇವತ್ತಿಂದ ನಾಲ್ಕು ತಿಂತೀನಿ." ಆಗಲೇ ಮೆಟ್ಟಿಲ ಹತ್ತಿರ ಹೋಗಿದ್ದಳು.

"ಗುಂಡಿ, ನಿಂತ್ಕೋ. ಕೋಟಿನ ಒಳಮೈ ತಿರುಗಿಸಿ ನೋಡು."

ಅವಳು ತಿರುಗಿಸಿದಳು. ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಸಾಲುಸಾಲಾಗಿ, ಒಂದರ ಪಕ್ಕ ಒಂದು. ಹೊಲಿಗೆಯವಳಿಗೆ ಅದನ್ನು ಓದಲು ಅಕ್ಷರ ಬರಬೇಕಿಲ್ಲ. ಬೆರಳಿಟ್ಟು ಎಣಿಸಿದಳು.

"ಎಷ್ಟು ವಾರ?"

"ಆರು."

"ಯಾಕೆ?"

"ನಿನ್ನದು ಸರಿ ಹೋಗ್ತಿತ್ತು. ನಂದು ಹೋಗ್ತಿರ್ಲಿಲ್ಲ. ಹೊಟ್ಟೆ ಉರೀತು ಕಣೆ."

ಮೇಷ್ಟ್ರ ಕತ್ತರಿ ಬಟ್ಟೆಯ ಮೇಲೆ ಹಾಗೇ ನಿಂತಿತು. ಅಂಗಡಿಯ ಫ್ಯಾನು ಕೂಡ ಸದ್ದು ಕಮ್ಮಿ ಮಾಡಿತು. ಗುಂಡಿ ತನ್ನ ಮಷಿನ್ ಎಳೆದು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು. ನಾಲ್ಕು ದಿನ ನನಗೆ ಕಂಡಿದ್ದು ಅವಳ ಬೆನ್ನು ಮಾತ್ರ. ಎಂಥ ಸಿಟ್ಟಿನ ಬೆನ್ನೆಂದರೆ, ನೊಣ ಕೂಡ ಅದನ್ನು ಸುತ್ತು ಹಾಕಿಕೊಂಡು ಹಾರುತ್ತಿತ್ತು.

ಐದನೆಯ ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಅದೇ ಬೆಂಚು. ಗುಂಡಿ ನಡುವೆ ಚೀಲ ಇಟ್ಟು ಕೂತಳು. ಡಾಕ್ಟರಮ್ಮ ಕೇಳಿದಾಗ "ನಡುವೆ ಬಿಟ್ಟುಬಿಟ್ಟೆ" ಎಂದಷ್ಟೇ ಹೇಳಿದಳು, ನನ್ನ ಹೆಸರು ಎತ್ತಲಿಲ್ಲ. ಬನ್ನಿನಿಂದಲೇ ಮುಟ್ಟು ತಡವಾಯಿತೋ, ಕಾಯಿಲೆಯ ಚಾಳಿಯೇ ಹಾಗೋ ಎಂದು ಹೇಳಲಾಗದು ಎಂದರು ಡಾಕ್ಟರಮ್ಮ. ಇಬ್ಬರಿಗೂ ಮಾತ್ರೆ ಬರೆದರು. ಗುಂಡಿ ಚೀಟಿ ಮಡಚಿ ಒಳಗಿಟ್ಟಳು.

ಮರುದಿನದಿಂದ ಅವಳು ಮಷಿನ್ ಬಿಟ್ಟು ಓಡುವುದು ಶುರುವಾಯಿತು. ಓಡಿದಾಗಲೆಲ್ಲ ಅವಳ ಪಾಲಿನ ಕಾಲರು ನಾನು ಹೊಲಿದಿಟ್ಟೆ. ಮೂರನೆಯ ದಿನ ಮಷಿನ್ ಈ ಕಡೆ ತಿರುಗಿಸಿ, ನಮ್ಮ ನಡುವೆ ಡಬ್ಬಿ ಇಟ್ಟಳು.

"ನಾನು ನಿನ್ನ ಥರಾನೇ ಇರ್ಬೇಕು ಅಂತ ತಾನೇ ನಿನಗೆ ಬೇಕಿದ್ದಿದ್ದು?"

"ಹೂಂ."

"ಆಯ್ತು, ಇಬ್ಬರೂ ಒಂದೇ ಥರ ಇರೋಣ. ಆದ್ರೆ ನಿನ್ನ ಥರ ಅಲ್ಲ, ನನ್ನ ಥರ. ತಿನ್ನು."

ತಿಂದೆ. ಮಾರನೆಯ ದಿನವೂ ತಿಂದೆ. ಹಾಗೇ ತಿಂಗಳುಗಳು ಕಳೆದವು. ಮೀನು, ಮಸೂರ್ ಬೇಳೆ, ಬದನೆಕಾಯಿ, ಹಿಡಿ ಅಕ್ರೋಟು. ನನ್ನ ಮುಟ್ಟು ಒಂದು ಸಲ ಬಂತು, ಡಬ್ಬಿ ಶುರುವಾದ ಐವತ್ತೆಂಟನೆಯ ದಿನಕ್ಕೆ. ಗುಂಡಿಯದು ಮತ್ತೆ ಸರಿದಾರಿಗೆ ಬಂತು.

ಮೊನ್ನೆ ಬೆಳಗ್ಗೆ ನನ್ನ ಎದುರು ಕೂತು, "ಮೂವತ್ಮೂರಕ್ಕೆ ಬಂತು. ನಿಂದು?" ಎಂದಳು.

"ನಲವತ್ತೇಳಾಯ್ತು. ಇನ್ನೂ ಇಲ್ಲ."

"ಹೊಟ್ಟೆ ಉರೀತಿದ್ಯಾ?"

"ಉರೀತಿದೆ."

"ಎಷ್ಟು?"

"ಒಂದು ಊರಿಗೇ ಕಾಫಿ ಕಾಯಿಸಬಹುದು, ಅಷ್ಟು."

"ಪರವಾಗಿಲ್ಲ, ಹೋದ ತಿಂಗಳು ಎರಡು ಊರಿಗೆ ಅಂದಿದ್ದೆ" ಎಂದು ಗುಂಡಿ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು.